ಪದರಗಳ ಕರ್ತೃ
ಋಣ ವಿದ್ಯುದಂಶವುಳ್ಳ ಗಾಜಿನ ಪಟ್ಟಿಯನ್ನು ಧನ ವಿದ್ಯುದಂಶ ಹೊತ್ತ ಪಾಲಿಮರಿನ, ಅಂದರೆ ಒಂದೇ ಬಗೆಯ ಘಟಕಗಳು ಸಾಲಾಗಿ ಕೂಡಿ ಬೆಳೆದ ಉದ್ದನೆಯ ಅಣುಗಳ, ದ್ರಾವಣದಲ್ಲಿ ಅದ್ದಿದರೆ, ಆ ಅಣುಗಳು ಗಾಜಿನ ಮೇಲೆ ಪದರವಾಗಿ ಕೂರುವುದಲ್ಲದೆ ಮೇಲ್ಮೈಯ ವಿದ್ಯುದಂಶವನ್ನೇ ತಿರುಗುಮುರುಗಾಗಿಸಿ, ತಮ್ಮಂಥ ಇನ್ನಷ್ಟು ಅಣುಗಳನ್ನು ತಾವೇ ದೂರ ತಳ್ಳುತ್ತವೆ. ತೊಳೆದು ವಿರುದ್ಧ ವಿದ್ಯುದಂಶದ ದ್ರಾವಣದಲ್ಲಿ ಅದ್ದಿದಾಗ ಮುಂದಿನ ಪದರ ಕೂರುತ್ತದೆ. 1990ರ ದಶಕದಲ್ಲಿ ಗೆರೊ ಡೆಕರ್ ಬೆಳೆಸಿದ ಈ ವಿಧಾನದಲ್ಲಿ ನ್ಯಾನೊಮೀಟರುಗಳಲ್ಲಿ ಅಳೆಯುವಷ್ಟು ತೆಳುವಾದ ಪದರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಈ ಕ್ರಮಕ್ಕೆ ಕರ್ತೃ ಯಾರು? ಕಾರ್ಯವಿದ್ದಲ್ಲಿ ಚೇತನನಾದ ಕರ್ತೃವಿರಬೇಕೆನ್ನುವ ನ್ಯಾಯದರ್ಶನ ಅದ್ದುವ ಕೈಯನ್ನು ತೋರಿಸಬಹುದು. ಕರುವಿಗಾಗಿ ಹಾಲು ಸುರಿಯುವಂತೆ ಅಚೇತನ ಪ್ರಕೃತಿಯೂ ಪ್ರವರ್ತಿಸುತ್ತದೆನ್ನುವ ಸಾಂಖ್ಯ ಅಣುಗಳನ್ನೇ ತೋರಿಸಬಹುದು. ಕೈ ಗೊತ್ತುಮಾಡುವುದು ಸರದಿಯನ್ನು ಮತ್ತು ದ್ರಾವಣದ ಹದವನ್ನು. ಯಾವ ಅಣು ಎಲ್ಲಿ ಕೂರಬೇಕೆಂಬುದು ಅದಕ್ಕೆ ತಿಳಿಯದು. ಇದಕ್ಕಿಂತ ಗಹನವಾದ ಸಂಗತಿಯೆಂದರೆ, ಪದರ ಕೂಡುವುದಕ್ಕೆ ಹಲವೊಮ್ಮೆ ಬರಿಯ ಆಕರ್ಷಣೆಗಿಂತಲೂ, ಪಾಲಿಮರಿಗೆ ಅಂಟಿಕೊಂಡಿದ್ದ ಸಣ್ಣ ಅಯಾನುಗಳು ಬಿಡುಗಡೆಗೊಂಡು ನೀರಿನಲ್ಲಿ ಚದುರುವಾಗ ಹೆಚ್ಚುವ ಎಂಟ್ರೊಪಿ, ಸ್ಥೂಲವಾಗಿ ಹೇಳುವುದಾದರೆ ಅವ್ಯವಸ್ಥೆ, ಹೆಚ್ಚಿನ ಕಾರಣವಾಗಿರುತ್ತದೆ. ಆದ್ದರಿಂದ ಕ್ರಮವನ್ನು ಕಂಡೊಡನೆ ಅದರ ಹಿಂದೆ ಸಂಕಲ್ಪವನ್ನು ಊಹಿಸುವ ಅನುಮಾನ ಇಲ್ಲಿ ನಿಲ್ಲದು. ಆದರೂ ಅಣುಗಳಿಗೆ ಇಂಥ ಸ್ವಭಾವವೇ ಏಕಿದೆಯೆಂದು ಕೇಳುವ ಹಕ್ಕು ನೈಯಾಯಿಕನಿಗೆ ಉಳಿದೇ ಇದೆ.