ಎಣಿಸಿ ಗೆದ್ದವನ ಪಾಪ

ನಮ್ಮ ರಾಮನಾಥಪುರದ ಕಡೆ ಯುಗಾದಿಗೆ ಇಸ್ಪೀಟು ಒಬ್ಬಟ್ಟಿನಷ್ಟೇ ಸಹಜ. ಅಂದರ್‌ಬಾಹರ್‌ನಲ್ಲಿ ಸೋತವನಿಗೆ ‘ಪಾಪ, ಗ್ರಹಚಾರ’ ಎನ್ನುತ್ತೇವೆ. ಗೆಲ್ಲುತ್ತಲೇ ಹೋದವನ ಮೇಲೆ ಮಾತ್ರ ಅನುಮಾನ. ಲೆಕ್ಕದ ಮೇಷ್ಟರಾಗಿದ್ದ ನನಗೆ ಇದು ಅನ್ಯಾಯವೆನಿಸುತ್ತದೆ.

2008ರ ‘21’ ಸಿನಿಮಾ ನೋಡಿದ ಮೊಮ್ಮಗನಿಗೆ ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸುವವರೆಲ್ಲ ವೀರರು. ಅಸಲಿಗೆ ಅದು ಬೇಸರದ ವಿದ್ಯೆ: ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಇಷ್ಟಾದರೂ ಸಿಗುವ ಮೇಲುಗೈ ನೂರಕ್ಕೆ ಒಂದರ ಆಸುಪಾಸು. ಅದನ್ನೇ ತೋರಿಸಿದರೆ ಟಿಕೆಟ್ ಕೊಳ್ಳುವವರಾರು? ಲಾಸ್ ವೇಗಸ್‌ನಲ್ಲಿ ಮನಸ್ಸಿನಲ್ಲೇ ಎಣಿಸುವುದು ಅಪರಾಧವಲ್ಲ, ಆದರೂ ಕ್ಯಾಸಿನೊದವರು ಹೊರಗಟ್ಟುತ್ತಾರೆ. ಸೋಲುವವನಿಗಷ್ಟೇ ಸ್ವಾಗತ.

ಮಹಾಭಾರತದಲ್ಲಿ ಋತುಪರ್ಣ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳಿ, ನಳನಿಗೆ ದಾಳದ ಮರ್ಮವಾದ ಅಕ್ಷಹೃದಯ ಕಲಿಸುತ್ತಾನೆ. ಕಲಿತೊಡನೆ ಕಲಿಪುರುಷ ನಳನ ಮೈಬಿಟ್ಟು ಹೊರಬರುತ್ತಾನೆ. ಅಂದರೆ ಎಣಿಕೆ ಪಾಪವಲ್ಲ, ಬಿಡುಗಡೆ! ಹಾಗಾದರೆ ಶಕುನಿಗೇಕೆ ಶಾಪ? ಅವನದು ಮೋಸ, ಸರಿ. ಆದರೆ ನನಗೆ ಮುಖ್ಯವೆನಿಸುವುದು ಗೆದ್ದ ಮೇಲಿನ ನಡೆ. ನಳ, ಮೊದಲು ತನ್ನನ್ನು ಜೂಜಿನಲ್ಲಿ ಸೋಲಿಸಿದ್ದ ತಮ್ಮ ಪುಷ್ಕರನನ್ನು ಮರಳಿ ಗೆದ್ದ ಮೇಲೂ ಕ್ಷಮಿಸಿ, ಅವನ ಪಾಲು ಕೊಟ್ಟು ಕಳಿಸಿದ. ಇಂಥ ದೃಶ್ಯ ಎಲೆ ಎಣಿಸುವವರ ಯಾವ ಸಿನಿಮಾದಲ್ಲಿದೆ ಎಂದು ಕೇಳಿದೆ.

“ಕ್ಯಾಸಿನೊ ಏನು ಅವರ ತಮ್ಮನೇ ತಾತ?” ಎಂದ ಮೊಮ್ಮಗ.