ಅಂಗೈಯೊಳಗಿನ ದ್ಯೂತಸಭೆ

ಕಾರ್ತಿಕ ಶುದ್ಧ ಪ್ರತಿಪದೆಗೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ಬಲಿಪೂಜೆಯ ಆ ದಿನ ಪಗಡೆಯಾಡುವ ವಾಡಿಕೆ ಹಳೆಯದು. ಮುಂಬಯಿ, ಪುಣೆಗಳ ಸೊಸೈಟಿಗಳಲ್ಲಿ ದೀಪಾವಳಿಯ ರಾತ್ರಿ ನೆರೆಹೊರೆಯವರೊಡನೆ ಕುಳಿತು ತೀನ್ ಪತ್ತಿ ಆಡಿ ಎದ್ದುಬರುವ ಗೃಹಸ್ಥರು ನಮ್ಮಲ್ಲಿಯೂ ಇದ್ದಾರೆ. ವರ್ಷಕ್ಕೊಮ್ಮೆ ನಾಲ್ಕು ಜನರ ಕಣ್ಣೆದುರು ಆಡಿ ಮುಗಿಸುವ ಆ ಆಟದ ಗುಣದೋಷಗಳನ್ನು ವಿಚಾರಿಸಲು ನಾವಿಲ್ಲಿ ಹೊರಟಿಲ್ಲ. ನಮ್ಮ ಚಿಂತೆಗೆ ವಿಷಯವಾದದ್ದು ಮನೆಯವರೆಲ್ಲ ಮಲಗಿದ ಮೇಲೆ, ಹೊದಿಕೆಯ ಮರೆಯಲ್ಲಿ, ಮೊಬೈಲಿನ ಮಂದ ಬೆಳಕಿನಲ್ಲಿ ನಡೆಯುವ ಆಟ.

2023ರ ಚಾತುರ್ಮಾಸ್ಯದಲ್ಲಿ ಒಂದು ಸಂಜೆ, ಪುಣೆಯಲ್ಲಿ ಉದ್ಯೋಗದಲ್ಲಿರುವ, ನಮಗೆ ಚಿಕ್ಕಂದಿನಿಂದ ಪರಿಚಿತನಾದ ತರುಣನೊಬ್ಬನು ಪ್ರವಚನ ಮುಗಿದ ಮೇಲೂ ಹೋಗದೆ ಕಂಬಕ್ಕೊರಗಿ ನಿಂತಿದ್ದನು. ವಿಚಾರಿಸಿದಾಗ ವಿಷಯ ಹೊರಬಿತ್ತು. ಕ್ರಿಕೆಟ್ ತಂಡ ಕಟ್ಟುವ 49 ರೂಪಾಯಿಯ ಸ್ಪರ್ಧೆಯಿಂದ ಆರಂಭವಾಗಿ, ರಮ್ಮಿಗೆ ಹೊರಳಿ, ಕೊನೆಗೆ ಮೊಬೈಲಿನಲ್ಲಿಯೇ ಸಾಲ ಕೊಡುವವರ ಕೈಗೆ ಸಿಕ್ಕಿಬಿದ್ದಿದ್ದನು. “ಕಾಕಾ, ಇದೊಂದು ಸಲ ಪಾರು ಮಾಡ್ರಿ. ರಾಯರ ಆಣೆ, ಇನ್ನ ಮುಟ್ಟೂದಿಲ್ಲ” ಎಂದನು. ಅವನ ಕಣ್ಣೀರು ನಿಜವಾದದ್ದೆಂದು ಇಂದಿಗೂ ನಂಬಿದ್ದೇವೆ. ಅವನ ಹೆಂಡತಿಗೂ ತಿಳಿಸದೆ 1,40,000 ರೂಪಾಯಿ ಹೊಂದಿಸಿ ಕೊಟ್ಟೆವು. ಹನ್ನೊಂದು ದಿನಗಳಲ್ಲಿ ಅದಿಷ್ಟೂ ಅದೇ ದಾರಿಯಲ್ಲಿ ಹೋಯಿತು.

ಅವನ ಮೇಲೆ ನಮಗೆ ಬಂದ ಸಿಟ್ಟು ಇಳಿದ ಮೇಲೆ, ನಾವು ಮಾಡಿದ್ದೇನೆಂದು ಯೋಚಿಸುವಂತಾಯಿತು. ಸಭಾಪರ್ವದಲ್ಲಿ ಎರಡು ದ್ಯೂತಗಳಿವೆ. ಮೊದಲನೆಯದರಲ್ಲಿ ಹೋದುದೆಲ್ಲವನ್ನೂ ಧೃತರಾಷ್ಟ್ರನು ದ್ರೌಪದಿಯ ನಿಮಿತ್ತವಾಗಿ ಹಿಂದಿರುಗಿಸುತ್ತಾನೆ. ಪಾಂಡವರು ಇಂದ್ರಪ್ರಸ್ಥದ ದಾರಿಯಲ್ಲಿರುವಾಗಲೇ ಮತ್ತೊಮ್ಮೆ ಕರೆ ಬರುತ್ತದೆ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸಕ್ಕೆ ಪಣವೊಡ್ಡಿ ಮತ್ತೆ ಆಡುತ್ತಾರೆ. ಧರ್ಮರಾಜನನ್ನು ಇಂದಿನ ಜೂಜುಕೋರನೊಡನೆ ಹೋಲಿಸುವುದು ಅಪಚಾರ. ಆ ಪ್ರಸಂಗದ ತಾತ್ಪರ್ಯವೇ ಬೇರೆ. ಆದರೆ ಕಥೆ ಒಂದನ್ನು ಸ್ಪಷ್ಟವಾಗಿ ಕಾಣಿಸುತ್ತದೆ. ಕಳೆದುದನ್ನು ತುಂಬಿಕೊಟ್ಟು, ಸಭೆಯನ್ನೂ ದಾಳಗಳನ್ನೂ ಶಕುನಿಯನ್ನೂ ಇದ್ದಲ್ಲಿಯೇ ಬಿಟ್ಟರೆ ಎರಡನೆಯ ದ್ಯೂತಕ್ಕೆ ಬಾಗಿಲು ತೆರೆದೇ ಇರುತ್ತದೆ. ನಾವು ಮಾಡಿದ್ದು ಧೃತರಾಷ್ಟ್ರನ ಔದಾರ್ಯ. ಗುಟ್ಟಾಗಿ ಮಾಡಿದ್ದರಿಂದ ಅವನಿಗಿಂತಲೂ ಒಂದು ಕೈ ಮೇಲು.

ಎರಡನೆಯ ಬಾರಿ ಬಂದಾಗ ತರುಣನು ಅಳಲಿಲ್ಲ, ವಾದ ಹೂಡಿದನು. “ಎಲ್ಲಾ ಹರಿಪ್ರೇರಣೆ ಅಂತೀರಿ. ಹಂಗಾದ್ರ ಆಡಿಸಿದವನೂ ಅವನ ಅಲ್ಲೇನ್ರಿ?” ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವವರುಂಟು. ನಮಗೆ ಹಾಗೆನಿಸಲಿಲ್ಲ. ಜೀವನು ಸ್ವತಂತ್ರನಲ್ಲ, ಸರಿ. ಆದರೆ ಅವನು ಕರ್ತೃವೇ ಅಲ್ಲವೆಂದು ಸಿದ್ಧಾಂತ ಹೇಳುವುದಿಲ್ಲ. ಕರ್ತೃತ್ವವಿಲ್ಲದಿದ್ದರೆ ‘ಮಾಡು’, ‘ಮಾಡಬೇಡ’ ಎಂಬ ಶಾಸ್ತ್ರಕ್ಕೆ ಅರ್ಥವೇ ಉಳಿಯದೆಂಬುದು ಸೂತ್ರಕಾರರ ಯುಕ್ತಿ. ಆ ಕರ್ತೃತ್ವ ಪರಾಧೀನವಾದದ್ದು, ಭಗವದ್ದತ್ತವಾದದ್ದು. ಕೊಟ್ಟವನು ಬೇರೊಬ್ಬನೆಂಬ ಕಾರಣಕ್ಕೆ ಕೈಯಲ್ಲಿರುವ ವಸ್ತು ಇಲ್ಲವಾಗುವುದಿಲ್ಲ.

ಇದನ್ನು ಹೇಳಿದಾಗ ಅವನು ಒಪ್ಪಿದನು. ಆದರೆ ಅವನ ಮುಂದಿನ ಮಾತು ನಮ್ಮನ್ನು ಕಟ್ಟಿಹಾಕಿತು: “ಖರೇ ಅದ. ಆದ್ರ ರಾತ್ರಿ ಒಂದು ಗಂಟೆಕ್ಕ ಆ ಕರ್ತೃತ್ವ ನನ್ನ ಕೈಯಾಗ ಇರೂದಿಲ್ಲ, ಕಾಕಾ.”

ಋಗ್ವೇದದ ಹತ್ತನೆಯ ಮಂಡಲದಲ್ಲಿ 34ನೆಯದು ಅಕ್ಷಸೂಕ್ತ, 14 ಮಂತ್ರಗಳದು. ಜೂಜುಗಾರನೇ ಅಲ್ಲಿ ಬಾಯಿಬಿಟ್ಟು ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತಾನೆ. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ಸರಿಯುತ್ತಾಳೆ, ಹೆತ್ತವರೂ ಒಡಹುಟ್ಟಿದವರೂ ಇವನಾರೋ ಅರಿಯೆವೆನ್ನುತ್ತಾರೆ. ಇನ್ನು ಆಡಲಾರೆನೆಂದು ನಿಶ್ಚಯಿಸುತ್ತಾನೆ. ದಾಳಗಳ ಸದ್ದು ಕೇಳಿದೊಡನೆ ಕಾಲು ತಾನಾಗಿ ಅತ್ತ ನಡೆಯುತ್ತದೆ. ಇಂದಿನ ವೈದ್ಯರು ಹೇಳುವುದೂ ಇದರಿಂದ ದೂರವಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಹೀಗಿರಲು ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶ ಹೇಳುವವನಿಗೆ ಸುಲಭ, ಅಷ್ಟೆ.

ಹಾಗಾದರೆ ಕರ್ತೃತ್ವ ಎಲ್ಲಿದೆ? ನಮಗೆ ತೋರಿದ ಉತ್ತರವಿದು: ರಾತ್ರಿ ಒಂದು ಗಂಟೆಗೆ ಇಲ್ಲದ ಸ್ವಾತಂತ್ರ್ಯ ಬೆಳಗಿನ ಹತ್ತು ಗಂಟೆಗೆ ಇರುತ್ತದೆ. ಏಕಾದಶಿಯ ಹಿಂದಿನ ದಿನವೇ ನಮ್ಮ ತಾಯಂದಿರು ಅಡುಗೆಮನೆಯನ್ನು ಸಾರಿಸಿ ಡಬ್ಬಿಗಳನ್ನು ಮೇಲಿಡುತ್ತಿದ್ದರು. ಹಸಿವನ್ನು ಎದುರಿಸುವ ಶೌರ್ಯಕ್ಕಿಂತ, ಹಸಿವಾದಾಗ ಕೈಗೆ ಏನೂ ಸಿಗದಂತಿಡುವ ವಿವೇಕ ಅವರದು. ಪ್ರತಿಜ್ಞೆಯನ್ನು ಪ್ರಬಲವಾಗಿರುವ ಗಳಿಗೆಯಲ್ಲಿ ಮಾಡಿ, ದುರ್ಬಲವಾಗುವ ಗಳಿಗೆಗೆ ಬೇಲಿ ಹಾಕಬೇಕು.

ಆ ತರುಣನ ಮನೆಯಲ್ಲಿ ಹಾಕಿದ ಬೇಲಿ ಹೀಗಿತ್ತು. ಮೊದಲು, ಹೆಂಡತಿಗೆ ಸಾಲದ ಪೂರ್ಣ ಲೆಕ್ಕ. ಇದು ಅತ್ಯಂತ ಕಷ್ಟದ್ದಾಯಿತು. ಮೂರು ಬಾರಿ ಬರೆದ ಪಟ್ಟಿಯಲ್ಲಿ ಪ್ರತಿ ಬಾರಿಯೂ ಒಂದೊಂದು ಸಾಲ ಬಿಟ್ಟುಹೋಗಿತ್ತು. ಸಂಬಳದ ಖಾತೆಯ ನಿರ್ವಹಣೆ ಅವಳ ಕೈಗೆ ಬಂತು. ಅವನ ಮೊಬೈಲಿನ ಯುಪಿಐ ಮಿತಿಯನ್ನು ನಿತ್ಯದ ಖರ್ಚಿಗೆ ತಕ್ಕಷ್ಟಕ್ಕೆ ಇಳಿಸಲಾಯಿತು, ಕ್ರೆಡಿಟ್ ಕಾರ್ಡನ್ನು ಮುಚ್ಚಲಾಯಿತು. ಆಟದ ಆ್ಯಪುಗಳನ್ನು ಅಳಿಸುವುದಷ್ಟೇ ಅಲ್ಲ, ಅವುಗಳಲ್ಲಿದ್ದ ಖಾತೆಗಳನ್ನೇ ರದ್ದುಮಾಡಿಸಬೇಕಾಯಿತು. ಅಳಿಸಿದ ಆ್ಯಪನ್ನು ಮತ್ತೆ ಇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ರಾತ್ರಿ ಹತ್ತಕ್ಕೆ ಮೊಬೈಲು ದೇವರ ಮನೆಯ ಹೊರಗಿನ ಕಪಾಟಿಗೆ. ಸಾಲವನ್ನು ನಾವಾರೂ ತೀರಿಸಲಿಲ್ಲ. ಅವನೇ ಕಂತಿನಲ್ಲಿ ತೀರಿಸಬೇಕೆಂದಾಯಿತು. ನಿಷ್ಠುರವೆನಿಸಬಹುದು. ಹಿಂದಿನ ದಯೆಯ ಫಲವನ್ನು ಕಂಡಿದ್ದೆವಲ್ಲ.

ವನಪರ್ವದಲ್ಲಿ ಬೃಹದಶ್ವ ಮುನಿಗಳು ಹೇಳುವ ನಳನ ಕಥೆಯನ್ನೂ ಅವನೊಡನೆ ಓದಿದೆವು. ಋತುಪರ್ಣನಿಂದ ಅಕ್ಷಹೃದಯವನ್ನು ತಿಳಿದೊಡನೆ ನಳನ ಮೈಯಿಂದ ಕಲಿ ಹೊರಬಂದನು. “ಆಮೇಲೆ ನಳ ಮತ್ತ ಆಡಿ ಗೆದ್ದನಲ್ರಿ!” ಎಂದು ತರುಣನು ತಕ್ಷಣ ಹಿಡಿದನು. ಜೂಜುಗಾರನ ಬುದ್ಧಿ ಪುರಾಣದಲ್ಲಿಯೂ ಗೆಲವನ್ನೇ ಹುಡುಕುತ್ತದೆ! ನಳನೆದುರಿಗಿದ್ದವನು ಪುಷ್ಕರನೊಬ್ಬನು. ಹಣದ ರಮ್ಮಿಯಲ್ಲಿ ಪ್ರತಿ ಆಟದ ಪಣದಿಂದಲೂ ನಡೆಸುವವನು ತನ್ನ ಪಾಲನ್ನು ಮುರಿದುಕೊಳ್ಳುತ್ತಾನೆ. ಆ ಪಾಲು ನೂರಕ್ಕೆ ಹತ್ತೆಂದಿಟ್ಟುಕೊಂಡರೆ, ಸಮಬಲರು ತಮ್ಮೊಳಗೇ ಮತ್ತೆ ಮತ್ತೆ ಪಣವಿಟ್ಟು ಸುತ್ತಿಸಿದ 100 ರೂಪಾಯಿ ಹತ್ತು ಸುತ್ತು ಮುಗಿಯುವಾಗ 35ಕ್ಕೆ ಇಳಿದಿರುತ್ತದೆ. ಯಾರೂ ಮೋಸ ಮಾಡಬೇಕಿಲ್ಲ. ಇನ್ನು ‘ಒಂದೇ ಎಲೆಯಲ್ಲಿ ತಪ್ಪಿತು’ ಎಂಬ ಭಾವನೆ ಸೋಲನ್ನು ಗೆಲವಿನ ನೆರೆಮನೆಯಂತೆ ತೋರಿಸುತ್ತದೆ. ಯಾವಾಗ ಬರುವುದೆಂದು ತಿಳಿಯದ ಚಿಕ್ಕ ಗೆಲವು ಕೈಯನ್ನು ಕಟ್ಟಿಹಾಕುತ್ತದೆ. ಇದೇ ಈ ಕಾಲದ ಅಕ್ಷಹೃದಯ. ಕಾಗದದ ಮೇಲೆ ತಾನೇ ಲೆಕ್ಕ ಹಾಕಿ ನೋಡಿದ ದಿನ ಆ ತರುಣನು ಬಹಳ ಹೊತ್ತು ಮಾತನಾಡಲಿಲ್ಲ.

ಕಾನೂನಿನ ಮಾತು ಸ್ವಲ್ಪ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದುದರಿಂದ ಪೊಲೀಸರ ಭಯಕ್ಕೆ ಬಚ್ಚಿಡುವ ಕಾರಣವೂ ಇಲ್ಲ. ದೇಶದ ದೊಡ್ಡ ಕಂಪೆನಿಗಳು ಹಣದಾಟವನ್ನು ನಿಲ್ಲಿಸಿದವು. ಹಾಗೆಂದು ‘ಎಲ್ಲ ಬಂದಾಯಿತಲ್ಲ’ ಎಂದು ನೆಮ್ಮದಿಪಡುವ ತಂದೆತಾಯಂದಿರಿಗೆ ನಾವು ಎಚ್ಚರಿಕೆ ಹೇಳಬೇಕಾಗಿದೆ: ಹೊರದೇಶಗಳಿಂದ ನಡೆಯುವ ಪಣದ ತಾಣಗಳ ಕೊಂಡಿಗಳು ಈಗಲೂ ಮೊಬೈಲಿನ ಸಂದೇಶಗಳಲ್ಲಿ ಬರುತ್ತವೆ. ಮುಂಬಯಿಯ ಹಿರಿಯರು ಮಟ್ಕಾದ ಕಾಲವನ್ನು ಕಂಡವರು. ಅದು ನಿಷೇಧದ ಅಡಿಯಲ್ಲಿಯೇ ಬೆಳೆದದ್ದೆಂಬುದು ಅವರಿಗೆ ನೆನಪಿರಬಹುದು.

ಮನೆಯಲ್ಲಿ ಯಾರಾದರೂ ಸಾಲದ ಮಾತಿನೊಡನೆ ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂದರೆ ಅದನ್ನು ನಾಟಕವೆನ್ನಬಾರದು. ಅವರನ್ನು ಒಂಟಿಯಾಗಿ ಬಿಡಲೂ ಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಇದೆ, ಹಲವು ಭಾಷೆಗಳಲ್ಲಿ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಅಂತರ್ಜಾಲದ ಗೀಳಿಗೆಂದೇ 2014ರಲ್ಲಿ ಆರಂಭವಾದ ಚಿಕಿತ್ಸಾಲಯವಿದೆ. ವೈದ್ಯರ ಬಳಿಗೆ ಹೋಗುವುದು ದೈವಭಕ್ತಿಗೆ ಕುಂದೆಂದು ತಿಳಿದ ಕೆಲವರು ನಮ್ಮಲ್ಲಿದ್ದಾರೆ. ಜ್ವರಕ್ಕೆ ಅವರು ಹಾಗೆ ತಿಳಿಯುವುದಿಲ್ಲ.

ಆ ತರುಣನು ಪೂರ್ತಿ ಪಾರಾದನೇ ಎಂದು ಓದುಗರು ಕೇಳಬಹುದು. ನಡುವೆ ಒಮ್ಮೆ, ಐಪಿಎಲ್ ಪಂದ್ಯಗಳ ಕಾಲದಲ್ಲಿ, ಗೆಳೆಯನ ಮೊಬೈಲಿನಿಂದ 2,000 ರೂಪಾಯಿ ಆಡಿದನು. ಮರುದಿನ ಬೆಳಿಗ್ಗೆ ತಾನಾಗಿಯೇ ಹೆಂಡತಿಗೆ ಹೇಳಿದನು. ಅವಳು ಲೆಕ್ಕದ ಪುಸ್ತಕದಲ್ಲಿ ಆ ದಿನಾಂಕದ ಮುಂದೆ ಮೊತ್ತವನ್ನು ಬರೆದಿಟ್ಟಳು, ಬೈಯಲಿಲ್ಲ. ಈಗ ಪಂದ್ಯವಿರುವ ಸಂಜೆಗಳಲ್ಲಿ ಅವನು ಮಠಕ್ಕೆ ಬಂದು ಮರುದಿನದ ಅಡುಗೆಗೆ ಕಾಯಿ ಸುಲಿಯುತ್ತಾನೆ. ಕಂತುಗಳು ಇನ್ನೂ ಹದಿನಾಲ್ಕು ಉಳಿದಿವೆ.