ಸೊಂಟದ ಕತ್ತಿ, ಜೇಬಿನ ಚಾಕು

ಘಟ್ಟದ ಮೇಲಿನ ಬಂಧುಗಳಿಗೆ ನಮ್ಮ ಕಾಸರಗೋಡಿನ ಕನ್ನಡದಲ್ಲಿ ಮೊದಲು ದಿಗಿಲು ಹುಟ್ಟಿಸುವ ಶಬ್ದ ಬಹುಶಃ ‘ಕತ್ತಿ’. ಮೈಸೂರು ಸೀಮೆಯಲ್ಲಿ ಕತ್ತಿಯೆಂದರೆ ಖಡ್ಗ, ಅರಸರ ಚಿತ್ರಪಟಗಳಲ್ಲಿ ಮಾತ್ರ ಕಾಣತಕ್ಕದ್ದು. ನಮ್ಮಲ್ಲಾದರೋ ಎಳನೀರು ಕೆತ್ತುವುದೂ ಕತ್ತಿಯೇ, ಸೊಪ್ಪು ಸವರುವುದೂ ಕತ್ತಿಯೇ, ಬಾಳೆಲೆ ಕೊಯ್ಯುವುದೂ ಕತ್ತಿಯೇ. ಜಗಲಿಯಲ್ಲಿ ಅತಿಥಿಯನ್ನು ಕುಳ್ಳಿರಿಸಿ ಮನೆಯ ಯಜಮಾನರು “ಮಾಣಿ, ಒಂದು ಕತ್ತಿ ತಾ” ಎಂದು ಒಳಗೆ ಕೂಗಿದರೆ ಹೊಸಬರು ಎದ್ದು ನಿಂತರೂ ಆಶ್ಚರ್ಯವಿಲ್ಲ. ಎಳನೀರು ಕೈಗೆ ಬಂದ ಮೇಲಷ್ಟೆ ಅವರಿಗೆ ನೆಮ್ಮದಿ.

ಹರಿತವಾದ ವಸ್ತುವೊಂದೇ, ಹೆಸರು ಬದಲಾದಂತೆ ಅದರ ಮೇಲಿನ ಅಭಿಪ್ರಾಯವೂ ಬದಲಾಗುತ್ತದೆ. ಅಡುಗೆಮನೆಯಲ್ಲಿ ಚಾಕು ಎನಿಸಿಕೊಂಡದ್ದು ಪೋಲೀಸ್ ಠಾಣೆಯಲ್ಲಿ ಚೂರಿಯಾಗುತ್ತದೆ. ಪತ್ರಿಕೆಗಳಲ್ಲಿ ‘ಚೂರಿ ಇರಿತ’ವೆಂದು ಓದುತ್ತೇವೆ; ‘ಪೀಶಕತ್ತಿ ಇರಿತ’ವೆಂದು ಯಾರೂ ಬರೆದದ್ದನ್ನು ನಾವು ಕಂಡಿಲ್ಲ. ಮಹಾನವಮಿಯ ದಿನ ನಾವು ಪೂಜಿಸುವ ‘ಆಯುಧ’ ಎಂಬ ಪದದಲ್ಲಿಯಂತೂ ಕೆಲಸದ ಉಪಕರಣವೂ ಕೊಲ್ಲುವ ಶಸ್ತ್ರವೂ ಒಟ್ಟಿಗೆ ವಾಸವಾಗಿವೆ. ಈ ಪದವನ್ನು ಬಳಕೆಗೆ ತಂದ ಹಿರಿಯರಿಗೆ ಇವೆರಡರ ಭೇದ ತಿಳಿಯದಿತ್ತೆಂದು ನಾವು ಭಾವಿಸಲಾರೆವು. ಭೇದವು ಕಬ್ಬಿಣದಲ್ಲಿಲ್ಲವೆಂಬುದು ಅವರಿಗೆ ತಿಳಿದಿತ್ತು. ಹಾಗಾದರೆ ಅದು ಎಲ್ಲಿದೆ? ದಿನವೂ ಹರಿತವಾದದ್ದೊಂದನ್ನು ಮೈಮೇಲೆ ಇರಿಸಿಕೊಂಡು ನೆರೆಹೊರೆಯವರ ನಡುವೆ ಓಡಾಡುವ ಮನುಷ್ಯನನ್ನು ಯಾವ ಆಧಾರದ ಮೇಲೆ ನಂಬಬೇಕು? ಸಮ್ಮೇಳನದ ಈ ಸಂಚಿಕೆಗೆ ಕತ್ತಿಯ ವಿಚಾರವೇ ಎಂದು ಮೂಗು ಮುರಿಯುವವರಿದ್ದರೆ ಕ್ಷಮೆಯಿರಲಿ. ಇದು ನಮ್ಮ ಮಕ್ಕಳ ವಿಚಾರವೂ ಹೌದೆಂಬುದು ಮುಂದೆ ತಿಳಿದೀತು.

ನಮ್ಮ ಬಾಲ್ಯದಲ್ಲಿ ಸೊಂಟದಲ್ಲಿ ಕತ್ತಿಯಿಲ್ಲದ ಕೃಷಿಕರೇ ವಿರಳ. ತೋಟದ ಕೆಲಸಕ್ಕೆ ಬೆನ್ನ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ದೊಡ್ಡ ಕತ್ತಿಯ ಮಾತು ಬೇರೆ. ನಾವು ಹೇಳುತ್ತಿರುವುದು ಅಂಗೈಯಷ್ಟುದ್ದದ ಚಿಕ್ಕ ಕತ್ತಿಯನ್ನು. ಮುಂಡಿನ ಮಡಿಕೆಯಲ್ಲಿಯೋ ಎಲೆಯಡಿಕೆಯ ಚೀಲದಲ್ಲಿಯೋ ಇರುತ್ತಿದ್ದ ಪೀಶಕತ್ತಿಯನ್ನು. ತುಳುವಿನ ಬಿಸತ್ತಿ, ಮಲಯಾಳದ ಪಿಚ್ಚಾತ್ತಿ, ಕೊಡವರ ಪೀಚೆಕತ್ತಿ ಎಲ್ಲವೂ ಕಿವಿಗೆ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ಭಾಷೆಗಳಿಗಾಗಿ ನಾವು ಎಷ್ಟೇ ವಾದಿಸಿದರೂ ಕತ್ತಿಗಳು ಮಾತ್ರ ಗಡಿಯನ್ನು ಲೆಕ್ಕಿಸಿದಂತಿಲ್ಲ. ಕೊಡವರು ಮದುವೆಯಲ್ಲಿ ಪೀಚೆಕತ್ತಿಯನ್ನು ಬೆಳ್ಳಿಯ ಅಲಂಕಾರದೊಡನೆ ಧರಿಸುತ್ತಾರೆ. ನಮ್ಮವರದು ಆ ವೈಭವದ್ದಲ್ಲ. ಲಾರಿಯ ಹಳೆಯ ಪ್ಲೇಟನ್ನು ಕುಲುಮೆಯಲ್ಲಿ ಕಾಸಿ ಬಡಿದು ಊರಿನ ಆಚಾರಿ ಮಾಡಿಕೊಟ್ಟದ್ದು, ಹಿಡಿ ಮರದ್ದು.

ಅಡಿಕೆ ಹೋಳು ಮಾಡುವುದರಿಂದ ಅದರ ದಿನಚರಿ ಆರಂಭವಾಗುತ್ತಿತ್ತು. ಕರುವಿನ ಕೊರಳಿಗೆ ಬಿಗಿದ ಹಗ್ಗ ಕತ್ತರಿಸಲು, ಕಾಲಿಗೆ ಹೊಕ್ಕ ಮುಳ್ಳು ಬಿಡಿಸಲು, ಮಾವಿನ ಹಣ್ಣು ಹೆಚ್ಚಿ ಮಕ್ಕಳಿಗೆ ಹಂಚಲು, ಹೊಸ ಪುಸ್ತಕದ ಕಟ್ಟು ಬಿಚ್ಚಲು ಅದೇ ಬೇಕು. ಅಡಿಕೆ ಬೆಳೆಗಾರರಿಗೆ ಇನ್ನೊಂದು ಉಪಯೋಗ ಗೊತ್ತು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಮಾಡಿದ ಮೇಲೆ ಅದು ಹದವಾಗಿದೆಯೆ ಎಂದು ತಿಳಿಯಬೇಡವೆ? ಸೊಂಟದ ಕತ್ತಿಯ ಅಲಗನ್ನು ಉಜ್ಜಿ ಹೊಳಪು ಮಾಡಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ ಸುಟ್ಟೀತು. ಕಬ್ಬಿಣವು ತನ್ನ ಮೈಯ ಮೇಲೆ ತಾಮ್ರವನ್ನು ಎಳೆದುಕೊಂಡು ತೋಟವನ್ನು ಉಳಿಸುತ್ತದೆ. ರಸಾಯನಶಾಸ್ತ್ರದ ಪಾಠವನ್ನು ನಾವು ತರಗತಿಯಲ್ಲಿ ಎಷ್ಟೋ ವರ್ಷ ಬೋಧಿಸಿದ್ದೇವೆ. ನಮ್ಮ ತೀರ್ಥರೂಪರು ಅದನ್ನು ಓದದೆಯೇ ಆ ಚಿಕ್ಕ ಅಲಗಿನ ಮೇಲೆ ಕಂಡಿದ್ದರು.

ಅಕ್ಷರಕ್ಕೂ ಈ ಕತ್ತಿಗೂ ನಂಟಿದೆ. ತಾಳೆಗರಿಯ ಮೇಲೆ ಬರೆಯುವ ಕಂಠವನ್ನೂ ಗರಿಯ ಅಂಚು ಸವರುವ ಅಲಗನ್ನೂ ಒಂದೇ ಹಿಡಿಯೊಳಗೆ ಮಡಚಿಡುವಂತೆ ಮಾಡಿದ ಲಿಪಿಕಾರರ ಕತ್ತಿಗಳು ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದ್ದುವು. ಇಂಗ್ಲಿಷರ ‘ಪೆನ್‌ನೈಫ್’ ಕೂಡ ಹಕ್ಕಿಯ ಗರಿಯ ಲೇಖನಿಯನ್ನು ಹೆರೆಯಲೆಂದು ಹುಟ್ಟಿದ್ದು. ಇಂದಿಗೂ ನಮ್ಮ ಕೇರಳದ ಕಡೆ ನವರಾತ್ರಿಯಲ್ಲಿ ಪುಸ್ತಕಗಳನ್ನೂ ಉಪಕರಣಗಳನ್ನೂ ಒಟ್ಟಿಗೇ ಪೂಜೆಗೆ ಇಟ್ಟು ವಿಜಯದಶಮಿಯಂದು ಒಟ್ಟಿಗೇ ಎತ್ತಿಕೊಳ್ಳುತ್ತಾರೆ.

ಇಂಥ ಕತ್ತಿಯನ್ನು ಹೊತ್ತವರು ಅದನ್ನು ತಮಗಾಗಿ ಬಳಸಿದ್ದಕ್ಕಿಂತ ಪರರಿಗಾಗಿ ಬಳಸಿದ್ದೇ ಹೆಚ್ಚೆಂದು ನಮಗೆ ತೋರುತ್ತದೆ. ಜಾತ್ರೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬಸ್ಸಿನಲ್ಲಿ “ಒಂದು ಕತ್ತಿ ಉಂಟೋ?” ಎಂಬ ಪ್ರಶ್ನೆ ಬಂದರೆ ಎಲ್ಲರ ಕಣ್ಣೂ ಒಬ್ಬರ ಕಡೆಗೆ ತಿರುಗುತ್ತಿತ್ತು. ಕೊಡುವುದಕ್ಕೂ ರೀತಿಯಿತ್ತು. ಹಲವು ಮನೆಗಳಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟರೆ ಬೇಕಾದವರು ಎತ್ತಿಕೊಳ್ಳಬೇಕು. ಕೈಗೇ ಕೊಡುವವರು ಹಿಡಿಯನ್ನು ಮುಂದೆ ಮಾಡಿ, ಅಲಗನ್ನು ತಮ್ಮ ಕಡೆಗೆ ಇರಿಸಿಕೊಂಡು ಕೊಡಬೇಕು. ಯುರೋಪಿನಲ್ಲಿ ಚಾಕುವನ್ನು ಉಡುಗೊರೆಯಾಗಿ ಪಡೆದವರು ಪ್ರತಿಯಾಗಿ ಒಂದು ಚಿಕ್ಕ ನಾಣ್ಯವನ್ನಾದರೂ ಕೊಡುವ ಸಂಪ್ರದಾಯವಿದೆ; ಇಲ್ಲವಾದರೆ ಸ್ನೇಹ ಕಡಿದುಹೋಗುತ್ತದೆಂಬ ನಂಬಿಕೆ. ಇವನ್ನು ಮೂಢನಂಬಿಕೆಯೆಂದು ನಗುವವರು ನಗಲಿ. ಹರಿತವಾದದ್ದು ಕೈ ಬದಲಿಸುವ ಕ್ಷಣದಲ್ಲಿ ಇಬ್ಬರೂ ಒಂದಿಷ್ಟು ಎಚ್ಚರದಿಂದ ನಿಲ್ಲಲೆಂದು ಯಾರೋ ಬುದ್ಧಿವಂತರು ಮಾಡಿದ ಏರ್ಪಾಡು ಅದೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ನಮ್ಮ ಮನೆಯವರೇ ಆಕ್ಷೇಪಿಸಿಯಾರು. ಕತ್ತಿ ಹೊತ್ತು ತಿರುಗಿದ ಗೌರವ ಗಂಡಸರದು. ಆದರೆ ದಿನಕ್ಕೆ ಮೂರು ಬಾರಿ ಹರಿತವಾದದ್ದರೊಡನೆ ವ್ಯವಹರಿಸಿದವರು ಹೆಂಗಸರು. ನಮ್ಮ ತಾಯಿಯವರು ಅರುವತ್ತು ವರ್ಷ ಮೆಟ್ಟುಕತ್ತಿಯ ಮುಂದೆ ಕುಳಿತಿದ್ದರು. ಅವರನ್ನು ನಂಬಬಹುದೆ ಎಂಬ ಪ್ರಶ್ನೆಯನ್ನು ಯಾವ ತತ್ತ್ವಜ್ಞಾನಿಯೂ ಎತ್ತಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಇಂದಿಗೂ ಹಳೆಯ ಮಾದರಿಯ ಮಡಚು ಚಾಕುಗಳನ್ನು ದಿನವೂ ಜೇಬಿನಲ್ಲಿರಿಸಿಕೊಂಡು, ಒಬ್ಬರದನ್ನು ಒಬ್ಬರಿಗೆ ತೋರಿಸಿ ಸಂತೋಷಪಡುವ ಬಳಗಗಳಿವೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಝೋಲಿಂಗನ್ ಊರುಗಳು ಇವಕ್ಕೆ ಹೆಸರಾದುವು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಇಂದಿಗೂ ರೈತರ ಜೇಬಿನಲ್ಲಿದೆ. ಶೆಫೀಲ್ಡಿನ ಹಳೆಯ ಬಗೆಯಲ್ಲಿ ಅಲಗು ತೆರೆದ ಮೇಲೆ ಬಿಗಿಯುವ ಕೀಲಿಯಿರುವುದಿಲ್ಲ. ಬೆನ್ನಿನ ಸ್ಪ್ರಿಂಗೊಂದೇ ಅದನ್ನು ಹಿಡಿದಿರುತ್ತದೆ. ಸಿಟ್ಟಿನಿಂದ ಚುಚ್ಚಲು ಹೊರಟರೆ ಅದು ಮಡಚಿಕೊಂಡು ಚುಚ್ಚುವವನ ಬೆರಳನ್ನೇ ಮೊದಲು ಕೊಯ್ದೀತು. ಇಂಗ್ಲೆಂಡಿನ 1988ರ ಕಾನೂನು ಮೂರು ಅಂಗುಲ ಮೀರದ, ಹೀಗೆ ಸುಲಭವಾಗಿ ಮಡಚುವ ಜೇಬುಚಾಕುವನ್ನು ಕಾರಣ ಕೇಳದೆ ಹೊರಲು ಬಿಡುತ್ತದೆ. ಕೀಲಿ ಬೀಳುವುದಕ್ಕೆ ಸಕಾರಣ ಬೇಕು.

ಜಪಾನಿನ ಕಥೆ ಮಾತ್ರ ನಮ್ಮನ್ನು ಬಹಳ ಕಾಡಿದೆ. ಅಲ್ಲಿ ‘ಹಿಗೊನೊಕಾಮಿ’ ಎಂಬ ಅಗ್ಗದ ಮಡಚು ಚಾಕು ಶಾಲಾಮಕ್ಕಳ ಸಂಗಾತಿಯಾಗಿತ್ತು. ಪೆನ್ಸಿಲ್ ಹೆರೆಯುವುದೂ ಬಿದಿರಿನ ಆಟಿಕೆ ಮಾಡುವುದೂ ಅದರಿಂದಲೇ. 1960ರ ಅಕ್ಟೋಬರ್ 12ರಂದು ಸಮಾಜವಾದಿ ನಾಯಕ ಅಸನುಮಾ ಇನೆಜಿರೋ ಅವರನ್ನು ಸಭೆಯ ವೇದಿಕೆಯ ಮೇಲೆಯೇ ಹದಿನೇಳು ವರ್ಷದ ಹುಡುಗನೊಬ್ಬ ಇರಿದು ಕೊಂದ. ಮಕ್ಕಳ ಕೈಗೆ ಹರಿತವಾದದ್ದನ್ನು ಕೊಡಬಾರದೆಂಬ ಚಳವಳಿ ದೇಶವ್ಯಾಪಿಯಾಯಿತು. ಹಿಗೊನೊಕಾಮಿ ಶಾಲೆಯ ಚೀಲಗಳಿಂದ ಮರೆಯಾಯಿತು. ಆ ಹುಡುಗ ಹಿಡಿದದ್ದು ಗಿಡ್ಡ ಖಡ್ಗ. ದಂಡ ತೆತ್ತದ್ದು ಪೆನ್ಸಿಲ್ ಹೆರೆಯುವ ಚಾಕು. ಆದರೂ ಆ ತಾಯಂದಿರನ್ನು ನಾವು ಹಳಿಯಲಾರೆವು. ಭಯಗೊಂಡವರು ತಮ್ಮ ಕೈಗೆ ಎಟುಕುವುದನ್ನೇ ತಾನೆ ಕಿತ್ತುಕೊಳ್ಳುವುದು?

ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಶಸ್ತ್ರವೆಂದು ಗಣಿಸುತ್ತವೆ. ಗೃಹಕೃತ್ಯಕ್ಕೂ ಕೃಷಿಗೂ ಮಾಡಿದವನ್ನು ಹೊರಗಿಡುತ್ತವೆ. ಸಿಖ್ಖರು ಕೃಪಾಣ ಧರಿಸುವುದನ್ನು ಸಂವಿಧಾನದ 25ನೆಯ ವಿಧಿಯೇ ಅವರ ಧರ್ಮಾಚರಣೆಯ ಅಂಗವೆಂದು ಮಾನ್ಯ ಮಾಡಿದೆ. ಅಂಗುಲದ ಲೆಕ್ಕ ಅಗತ್ಯವೇ. ಆದರೆ ಅಂಗುಲವು ಅಲಗನ್ನು ಅಳೆಯಬಲ್ಲುದು, ಕೈಯನ್ನು ಅಳೆಯಲಾರದು.

ಕೈಯನ್ನು ಅಳೆಯಬೇಕಾದ ಪ್ರಸಂಗವೊಂದು ನಾವು ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ಬಂತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಚಿಕ್ಕ ಕತ್ತಿಯಿತ್ತು. ಸಂಜೆ ಮನೆಗೆ ಮರಳುವಾಗ ದಾರಿಯಲ್ಲಿ ಆಡುಗಳಿಗೆ ಹಲಸಿನ ಸೊಪ್ಪು ಕೊಯ್ಯುವುದು ಅವನ ಕೆಲಸ. ವಿರಾಮದ ವೇಳೆ ಪಕ್ಕದ ಹುಡುಗ ಅದನ್ನು ಹೇಳದೆ ತೆಗೆದು ಆಡಹೋಗಿ ತನ್ನ ಅಂಗೈ ಕೊಯ್ದುಕೊಂಡ; ಮೂರು ಹೊಲಿಗೆ ಬಿತ್ತು. ಮರುದಿನ ಕೆಲವು ಹೆತ್ತವರು ಬಂದು, ಕತ್ತಿ ತಂದ ಹುಡುಗನನ್ನು ಶಾಲೆಯಿಂದ ಬಿಡಿಸಬೇಕೆಂದು ಹಟ ಹಿಡಿದರು. ಆ ಹುಡುಗನ ತಂದೆಯನ್ನು ಕರೆಸಿದೆವು. ಕೂಲಿ ಕೆಲಸದ ಮನುಷ್ಯ, ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ. “ಅವ ಕದ್ದು ತಂದದ್ದಲ್ಲ ಮಾಷ್ಟ್ರೇ. ನಾನೇ ಕೊಟ್ಟದ್ದು. ಬೈಯುವುದಿದ್ದರೆ ನನಗೆ ಬೈಯಿರಿ” ಎಂದರು.

ಅಧ್ಯಾಪಕರ ಸಭೆಯಲ್ಲಿ ಈ ಮಾತನ್ನು ನಾವು ತಿಳಿಸಿದಾಗ ವ್ಯಾಯಾಮ ಶಿಕ್ಷಕರ ಕಣ್ಣು ಒದ್ದೆಯಾಯಿತು. ಗಣಿತದ ಅಧ್ಯಾಪಿಕೆ ಮಾತ್ರ ಕದಲಲಿಲ್ಲ. “ಈ ಹುಡುಗನ ತಂದೆ ನಿಮಗೆ ಗೊತ್ತು ಸರ್. ಮುನ್ನೂರು ಮಕ್ಕಳ ತಂದೆಯರೂ ಗೊತ್ತೆ? ಗೊತ್ತಿರುವವನಿಗೆ ನಿಯಮ ಬೇಡ, ಒಪ್ಪಿದೆ. ನಿಯಮವಿರುವುದೇ ಗೊತ್ತಿಲ್ಲದವರಿಗಾಗಿ” ಎಂದರು. ಅದಕ್ಕೆ ಸರಿಯಾದ ಉತ್ತರ ಅಂದು ನಮ್ಮ ಬಳಿ ಇರಲಿಲ್ಲ. ಇಂದೂ ಇದೆಯೆಂದು ಹೇಳಲಾರೆವು. ಶಾಲೆಯೊಳಗೆ ಕತ್ತಿ ಕೂಡದೆಂದು ಎಲ್ಲರಿಗೂ ಅನ್ವಯವಾಗುವ ನಿಯಮ ಮಾಡಿದೆವು. ಆ ಹುಡುಗ ಬೆಳಗ್ಗೆ ಕತ್ತಿಯನ್ನು ನಮ್ಮ ಮೇಜಿನ ಮೇಲಿರಿಸಿ ಸಂಜೆ ಒಯ್ಯಬೇಕೆಂದೂ ಗೊತ್ತುಮಾಡಿದೆವು. ಹತ್ತನೆಯ ತರಗತಿ ಮುಗಿಯುವವರೆಗೂ ಅವನು ಒಂದು ದಿನವೂ ತಪ್ಪಲಿಲ್ಲ. ಅಧ್ಯಾಪಿಕೆಗೆ ಸಮಾಧಾನವಾಗಲಿಲ್ಲ, ಮೇಜಿನ ಮೇಲೆ ಅದನ್ನು ಕಂಡಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದರು.

ಆ ತಂದೆಯ ಮಾತು ನಮಗೆ ದೊಡ್ಡದಾಗಿ ಕಾಣುವುದಕ್ಕೆ ಕಾರಣವಿದೆ. ಅಂದಿನ ಊರಿನಲ್ಲಿ ಪ್ರತಿಯೊಂದು ಕತ್ತಿಯ ಹಿಂದೆಯೂ ಕೊಟ್ಟವರೊಬ್ಬರಿದ್ದರು. ಮಾಡಿದ ಆಚಾರಿಯೂ ಯಾರೆಂದು ಗೊತ್ತಿತ್ತು. ಕುಡಿದು ಬಂದವನ ಸೊಂಟದಿಂದ ಕತ್ತಿಯನ್ನು ಎಳೆದು ತೆಗೆದಿಡಲು ಅಕ್ಕನಿಗೋ ಮಾವನಿಗೋ ಅಧಿಕಾರವಿತ್ತು. ನಂಬಿಕೆಯೆಂಬುದು ಒಬ್ಬನ ಸದ್ಗುಣದ ಮೇಲೆ ನಿಂತದ್ದಲ್ಲ. ಹತ್ತು ಜನರ ಪರಿಚಯದ ಮೇಲೆ ನಿಂತದ್ದು. ಈಗ ಆನ್‌ಲೈನಿನಲ್ಲಿ ತರಿಸಿದ ಚಾಕುವಿಗೆ ಕೊಟ್ಟವರ ಮುಖವಿಲ್ಲ. ಬಸ್ ನಿಲ್ದಾಣದಲ್ಲಿ ಪಕ್ಕದವರ ಹೆಸರು ನಮಗೆ ತಿಳಿಯದು. ಅಂಥ ಕಡೆ ಅಧ್ಯಾಪಿಕೆಯ ಮಾತೇ ನಡೆಯಬೇಕು. ಹಳೆಯದೆಲ್ಲ ಒಳ್ಳೆಯದೆಂಬ ಹಳಹಳಿಕೆ ನಮ್ಮದಲ್ಲ. ಪರಿಚಿತರ ಊರಿನಲ್ಲಿಯೂ ಗಡಿಕಲ್ಲಿನ ಜಗಳಕ್ಕೆ ಕತ್ತಿ ಎತ್ತಿದವರಿದ್ದರು.

ನಮ್ಮ ಜೇಬಿನಲ್ಲಿ ಈಗಲೂ ಎರಡೂವರೆ ಅಂಗುಲದ ಮಡಚು ಚಾಕು ಇದೆ. ಕಳೆದ ಬಾರಿ ಮಗನ ಮನೆಗೆಂದು ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವಾಗ ಅದನ್ನು ದೊಡ್ಡ ಪೆಟ್ಟಿಗೆಯೊಳಗೆ ಹಾಕಿ ಕಳುಹಿಸಿದೆವು. ಅಪರಿಚಿತರ ನಡುವೆ ಅದು ನ್ಯಾಯವೇ. ಬಹುಮಹಡಿ ಕಟ್ಟಡದಲ್ಲಿ ಎದುರು ಮನೆಯವರು ಬಾಗಿಲಲ್ಲಿ ನಿಂತು, ಬಂದ ಪಾರ್ಸೆಲಿನ ಟೇಪನ್ನು ಬೀಗದ ಕೈಯಿಂದ ಹರಿಯಲು ಹೆಣಗುತ್ತಿದ್ದರು. ಹಿಡಿ ಮುಂದೆ ಮಾಡಿ ಚಾಕು ಕೊಟ್ಟೆವು. ಮಗ ಅಲ್ಲಿ ನಾಲ್ಕು ವರ್ಷದಿಂದ ಇದ್ದರೂ ಅವರೊಡನೆ ಮಾತಾದದ್ದು ಅದೇ ಮೊದಲಂತೆ. ಯಾವ ಊರೆಂದು ಕೇಳಿದರು. ಕಾಸರಗೋಡೆಂದೊಡನೆ, “ಕೇರಳದವರಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!” ಎಂದು ಮೆಚ್ಚಿಕೊಂಡರು. ಈ ಮೆಚ್ಚುಗೆಯನ್ನು ಕೇಳದ ಸಂಘದ ಸದಸ್ಯರಿರಲಾರರು, ನಕ್ಕು ಸುಮ್ಮನಾದೆವು.

ಮರುದಿನ ಸಂಜೆ ಅವರ ಮನೆಯ ಪುಟ್ಟ ಹುಡುಗಿ ಬಾಗಿಲು ತಟ್ಟಿ, “ತಾತಾ, ಅಪ್ಪನಿಗೆ ನಿಮ್ಮ ಚಾಕು ಬೇಕಂತೆ” ಎಂದಳು. ಅವಳ ಕೈಯಲ್ಲಿ ಕೊಟ್ಟು ಕಳುಹಿಸಲಿಲ್ಲ. ಚಪ್ಪಲಿ ಮೆಟ್ಟಿ ನಾವೇ ಅವಳೊಡನೆ ಹೋದೆವು.